ಸಂಜೆ ಲೈಟು ನಮ್ಮೂರ ಸೂರ್ಯನ್ನ ನೋಡಿ ಹತ್ಕೊಳ್ಳಲಿ

ಸಂಪಾದಕರಿಗೆ ನಮಸ್ಕಾರ,

ನಾನು ಸಾಗರ ತಾಲೂಕಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆ ವೈರಿಂಗ್ ಕೆಲಸ ಮಾಡ್ಕೊಂಡು ಬಂದವನು. ಪೇಪರಿಗೆ ಪತ್ರ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ತಿದ್ಕೊಳ್ಳಿ. ಈಗ ನಮ್ಮ ಕಡೆ ಹಳ್ಳಿ ಮನೆಗಳಿಗೂ ತಾನಾಗೇ ಹತ್ಕೊಂಡು ತಾನಾಗೇ ಆರೋ ಲೈಟು ಹಾಕ್ಸೋರು ಜಾಸ್ತಿ ಆಗಿದಾರೆ, ಅದ್ರಲ್ಲೂ ಮಕ್ಳು ಬೆಂಗ್ಳೂರಲ್ಲೋ ಹೊರದೇಶದಲ್ಲೋ ಇದ್ದು ಊರಲ್ಲಿ ಅಪ್ಪ ಅಮ್ಮ ಇಬ್ರೇ ಇರೋ ಮನೆಗಳಲ್ಲಿ. ಒಳ್ಳೇದೇ. ಆದ್ರೆ ಅದ್ನ ಹಾಕೋ ರೀತಿಲಿ ನಡೀತಿರೋ ಸಣ್ಣ ತಪ್ಪುಗಳಿಂದ ವಯಸ್ಸಾದವ್ರು ಕತ್ಲಲ್ಲಿ ಎಡವಿ ಬೀಳೋ ಹಂಗಾಗ್ತಿದೆ, ಅದ್ನ ನಾಲ್ಕು ಜನಕ್ಕೆ ತಿಳಿಸ್ಬೇಕು ಅಂತ ಈ ಪತ್ರ.

ಒಂದು ಮನೆ ವಿಷ್ಯ ಹೇಳ್ತೀನಿ. ತೋಟದ ನಡುವೆ ಇರೋ ಹಳೇ ಹೆಂಚಿನ ಮನೆ, ಎಪ್ಪತ್ತಾರು ವರ್ಷದ ಅಮ್ಮ ಒಬ್ರೇ ಇರೋದು, ಕೆಲಸಕ್ಕೆ ಬರೋಳು ಸಂಜೆ ಐದಕ್ಕೆ ಹೊರಟೋಗ್ತಾಳೆ. ಮಗ ಅಮೆರಿಕದ ನ್ಯೂಜೆರ್ಸಿಲಿ ಇದಾನೆ, ಮೇ ತಿಂಗಳಲ್ಲಿ ಬಂದವನು ಸ್ಮಾರ್ಟ್ ಬಲ್ಬನ್ನ ಜಗುಲಿಗೊಂದು, ಕೊಟ್ಟಿಗೆ ದಾರಿಗೊಂದು, ಬಚ್ಚಲುಮನೆ ಹೊರಗೊಂದು ಹಾಕಿ, ಹೊತ್ತು ಮುಳುಗಿದಾಗ ಹತ್ಬೇಕು ಹೊತ್ತು ಹುಟ್ಟಿದಾಗ ಆರ್ಬೇಕು ಅಂತ ಮೊಬೈಲಲ್ಲಿ ಸೆಟ್ ಮಾಡಿ, ಅಮ್ಮ ಅಭ್ಯಾಸಬಲದಲ್ಲಿ ಗೋಡೆ ಸ್ವಿಚ್ಚು ಆರಿಸಿಬಿಟ್ರೆ ಬಲ್ಬಿಗೆ ಕರೆಂಟೇ ಹೋಗಲ್ಲ ಅಂತ ಸ್ವಿಚ್ಚಿನ ಮೇಲೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಅಂಟಿಸಿ, ಮಾರನೇ ದಿನ ವಿಮಾನ ಹತ್ತಿದಾನೆ. ಹೊರಡೋ ಮುಂಚೆ ಮೊಬೈಲಲ್ಲಿ ಒತ್ತಿ ನೋಡಿದ್ದಾನೆ, ಬಲ್ಬು ಹತ್ತಿದೆ, ಆರಿದೆ. ಸರಿಯಾಯ್ತಲ್ಲ ಅಂದ್ಕೊಂಡಿದಾನೆ.

ಹದಿನೈದು ದಿನ ಬಿಟ್ಟು ಆ ಅಮ್ಮ ಯಾರದ್ದೋ ಫೋನಿಂದ ನಂಗೆ ಮಾಡಿದ್ರು. "ತಮ್ಮಾ, ನಮ್ಮನೆ ಲೈಟು ಬೆಳಿಗ್ಗೆ ನಾನು ಒಲೆ ಹಚ್ಚೋ ಹೊತ್ತಿಗೆ ಹತ್ಕೊಳತ್ತೆ, ಮಧ್ಯಾಹ್ನದ ಮೇಲೆ ಆರೋಗತ್ತೆ, ಸಂಜೆ ಮಾತ್ರ ಕಗ್ಗತ್ಲು, ಮಗ ಮುಟ್ಬೇಡ ಅಂದಿದಾನೆ, ನೀನು ಒಂದ್ಸಲ ಬಂದು ನೋಡ್ತೀಯಾ" ಅಂದ್ರು. ನಂಗೆ ಎರಡು ದಿನ ಬೇರೆ ಕೆಲಸ ಇತ್ತು, ಹೋಗಿಲ್ಲ. ಅದೇ ನಂಗೆ ಇವತ್ತಿಗೂ ಬೇಜಾರು. ಮೂರನೇ ದಿನ ಹೋಗೋ ಅಷ್ಟ್ರಲ್ಲಿ ಅವ್ರು ಮುಸ್ಸಂಜೆಲಿ ಬಚ್ಚಲುಮನೆಗೆ ಹೋಗ್ತಾ ಜಂಬಿಟ್ಟಿಗೆ ಮೆಟ್ಲ ಮೇಲೆ, ಮಳೆಗೆ ಪಾಚಿ ಕಟ್ಟಿತ್ತು, ಜಾರಿ ಬಿದ್ದು ಬಲಗೈ ಮುಂಗೈ ಮೂಳೆ ಮುರ್ಕೊಂಡಿದ್ರು. ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಜಗುಲಿ ಮೇಲೆ ಕೂತು ನಂಗೇ ಕಾಫಿ ಮಾಡಿಸ್ಕೊಡ್ಲಾ ಅಂತ ಕೇಳ್ತಿದ್ರು. ತಲೆ ಮೇಲೆ ಬಲ್ಬು, ಹಗಲು ಹನ್ನೊಂದು ಗಂಟೆಲಿ, ಢಾಳಾಗಿ ಉರೀತಿತ್ತು.

ಮಗನಿಗೆ ವಿಡಿಯೋ ಕಾಲ್ ಮಾಡಿ ಇಬ್ರೂ ಕೂತು ನೋಡಿದ್ವಿ, ಆಗ ಗೊತ್ತಾಯ್ತು. ಆ ಆ್ಯಪಲ್ಲಿ ಅವನು ಮೊದ್ಲೇ ತನ್ನ ನ್ಯೂಜೆರ್ಸಿ ಮನೆ ಸೇರಿಸಿಟ್ಟಿದ್ದ, ಊರಿನ ಬಲ್ಬುಗಳನ್ನೂ ಅದೇ ಮನೆಗೇ ಸೇರಿಸಿದ್ದಾನೆ. ಮನೆ ಎಲ್ಲಿದೆ ಅನ್ನೋ ಜಾಗದಲ್ಲಿ ನ್ಯೂಜೆರ್ಸಿ ಅಂತ ಇದ್ರೆ ಬಲ್ಬು ಅಲ್ಲಿನ ಸೂರ್ಯನ ಲೆಕ್ಕದಲ್ಲೇ ನಡೆಯತ್ತೆ. ಜೂನಲ್ಲಿ ಅಲ್ಲಿ ಹೊತ್ತು ಮುಳುಗೋದು ರಾತ್ರಿ ಎಂಟೂವರೆ ಹತ್ರ, ಆಗ ನಮ್ಮಲ್ಲಿ ಮಾರನೇ ದಿನ ಬೆಳಿಗ್ಗೆ ಆರು. ಅಲ್ಲಿ ಹೊತ್ತು ಹುಟ್ಟೋದು ಐದೂವರೆ ಸುಮಾರಿಗೆ, ಆಗ ನಮ್ಮಲ್ಲಿ ಮಧ್ಯಾಹ್ನ ಮೂರು. ಹಗಲೆಲ್ಲ ಉರಿದು, ಬೇಕಾದಾಗ ಆರಿ ಕೂರೋ ಲೈಟು. ಬಲ್ಬಲ್ಲಿ ದೋಷ ಇಲ್ಲ, ವೈರಿಂಗಲ್ಲಿ ದೋಷ ಇಲ್ಲ, ಮಗನಿಗೆ ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ, ಪಾಪ ಅವನು ಫೋನಲ್ಲೇ ಅಳೋಕೆ ಶುರು ಮಾಡ್ದ. ಬೇರೆ ಮನೆ ಅಂತ ಹೊಸದಾಗಿ ಮಾಡಿ, ಮ್ಯಾಪಲ್ಲಿ ನಮ್ಮೂರನ್ನ ಹುಡುಕಿ ಅಲ್ಲಿ ಗುರುತು ಇಟ್ಟಮೇಲೆ ಅವತ್ತೇ ಸಂಜೆಯಿಂದ ಸರಿ ಹೋಯ್ತು. ಐದು ನಿಮಿಷದ ಕೆಲಸ ಸರ್ ಅದು.

ಇದು ಅಮೆರಿಕದ ವಿಷ್ಯ, ನಮ್ಗೇನು ಅನ್ಬೇಡಿ. ಬೆಂಗ್ಳೂರಲ್ಲಿ ಕೂತು ಸೆಟ್ ಮಾಡಿದ್ರೂ ವ್ಯತ್ಯಾಸ ಇದೆ, ಅಷ್ಟು ದೊಡ್ಡದಲ್ಲ ಅಷ್ಟೇ. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಒಂದು ಡಿಗ್ರಿ ದಾಟೋಕೆ ನಾಲ್ಕು ನಿಮಿಷ ಬೇಕು, ಬೆಂಗ್ಳೂರಿಗಿಂತ ಸಾಗರ ಎರಡೂವರೆ ಡಿಗ್ರಿ ಪಶ್ಚಿಮಕ್ಕಿದೆ, ಅಂದ್ರೆ ಹತ್ತು ನಿಮಿಷ. ಕೋಲಾರಕ್ಕೂ ಕಾರವಾರಕ್ಕೂ ಕಾಲು ಗಂಟೆ. ಇಡೀ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ರ ಹಾದುಹೋಗೋ ಗೆರೆಗೆ ಹೊಂದಿಸಿರೋದು, ಅಲ್ಲಿಂದ ನಮ್ಮ ಕಡೆಗೆ ಬರೋಕೆ ಸೂರ್ಯನಿಗೆ ಇನ್ನೂ ಅರ್ಧ ಗಂಟೆ ಬೇಕು, ಹಂಗಾಗಿ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರೋದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ಆಸುಪಾಸು.

ಈಗ ದೊಡ್ಡ ತಪ್ಪಿಗೆ ಬರ್ತೀನಿ, ಇದು ಹತ್ತರಲ್ಲಿ ಎಂಟು ಮನೇಲಿ ಕಾಣತ್ತೆ. ಟೈಮರ್ ತಂದು ಸಂಜೆ ಆರೂವರೆಗೆ ಹತ್ಲಿ, ಬೆಳಿಗ್ಗೆ ಆರೂವರೆಗೆ ಆರ್ಲಿ ಅಂತ ಒಂದ್ಸಲ ಕಟ್ಟಿ ಬಿಟ್ಬಿಡ್ತಾರೆ, ವರ್ಷಗಟ್ಲೆ ಯಾರೂ ಮತ್ತೆ ಮುಟ್ಟಲ್ಲ. ಸಾಗರದ ಲೆಕ್ಕ ಹೇಳ್ತೀನಿ ಕೇಳಿ. ಜುಲೈ ಮೊದಲ ವಾರದಲ್ಲಿ ಹೊತ್ತು ಮುಳುಗೋದು ಏಳು ಗಂಟೆ ಎರಡು ನಿಮಿಷದ ಹತ್ರ, ನವೆಂಬರ್ ಮೂರನೇ ನಾಲ್ಕನೇ ವಾರದಲ್ಲಿ ಐದು ಐವತ್ತೆಂಟರ ಹತ್ರ. ಒಂದು ಗಂಟೆ ಮೇಲೆ ಫರಕು. ಆರೂವರೆಗೆ ಕಟ್ಟಿದ ಲೈಟು ನವೆಂಬರಲ್ಲಿ ಕತ್ಲಾದ ಮೇಲೆ ಹತ್ಕೊಳತ್ತೆ, ಆ ಸಂದಿಲೇ ಅಜ್ಜಂದಿರು ದನ ಕಟ್ಟೋಕೆ ಅಂತ ಕೊಟ್ಟಿಗೆಗೆ ಹೋಗಿರ್ತಾರೆ.

ಇದ್ರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲದ್ದು ಒಂದಿದೆ, ನಂಗೂ ಮೊದಲು ಗೊತ್ತಿರಲಿಲ್ಲ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21-22ಕ್ಕೆ ಬರತ್ತೆ, ನಿಜ, ಆದ್ರೆ ಅತಿ ಬೇಗ ಕತ್ಲಾಗೋದು ಅವತ್ತಲ್ಲ, ಅದಕ್ಕೆ ಒಂದು ತಿಂಗಳು ಮುಂಚೆನೇ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಹೊತ್ತು ಮುಳುಗೋದು ಆಗ್ಲೇ ಆರು ಹತ್ತಕ್ಕೆ ಬಂದಿರತ್ತೆ, ಸಂಕ್ರಾಂತಿಗೆ ಆರು ಇಪ್ಪತ್ತು. ಬೆಳಿಗ್ಗೆದು ಮಾತ್ರ ಉಲ್ಟಾ, ಹೊತ್ತು ತುಂಬ ತಡವಾಗಿ ಹುಟ್ಟೋದು ಜನವರಿ ಕೊನೆಗೆ, ಏಳಕ್ಕೆ ಒಂದೆರಡು ನಿಮಿಷ ಇರೋವಾಗ. ಭೂಮಿ ಓರೆಯಾಗಿ ನಿಂತು ಮೊಟ್ಟೆ ಆಕಾರದ ದಾರಿಲಿ ಸುತ್ತೋದ್ರಿಂದ ಸೂರ್ಯ ನೆತ್ತಿಗೆ ಬರೋ ಹೊತ್ತೇ ದಿನದಿನಕ್ಕೆ ಅತ್ತಿತ್ತ ಜಾರತ್ತಂತೆ, ಅದ್ರಿಂದ ಹಿಂಗೆ. ನಮ್ಮ ಹಿರಿಯರು ಕಾರ್ತಿಕದಲ್ಲಿ ಸಂಜೆಸಂಜೆಗೂ ಮನೆ ಮುಂದೆ ದೀಪ ಇಡ್ತಿದ್ರಲ್ಲ, ಹೆಚ್ಚುಕಮ್ಮಿ ಅದೇ ದಿನಗಳು ನಮ್ಮಲ್ಲಿ ಬೇಗ ಕತ್ಲು ಕವಿಯೋ ದಿನಗಳು, ಇದ್ನ ಲೆಕ್ಕ ಹಾಕಿ ನೋಡಿದಾಗ ನಂಗೆ ಮೈ ಜುಂ ಅಂತು.

ಈ ಲೆಕ್ಕನೆಲ್ಲ ಮನೆಯವ್ರು ಮಾಡ್ಕೊಂಡು ಕೂರೋಕಾಗಲ್ಲ, ಬೇಕಾಗೂ ಇಲ್ಲ. ಆಸ್ಟ್ರೋ ಟೈಮರ್ ಅಂತ ಬರತ್ತೆ, ಬೀದಿದೀಪದ ಪ್ಯಾನೆಲ್‌ಗಳಲ್ಲಿ ಹಾಕ್ತಾರೆ, ಊರಿನ ಅಕ್ಷಾಂಶ ರೇಖಾಂಶ ಒಂದ್ಸಲ ಕೊಟ್ರೆ ವರ್ಷದ ಎಲ್ಲ ದಿನದ ಹೊತ್ತು ಹುಟ್ಟೋದು ಮುಳುಗೋದು ಅದೇ ಲೆಕ್ಕ ಹಾಕ್ಕೊಳತ್ತೆ, ಇಂಟರ್ನೆಟ್ ಬೇಡ, ಮೊಬೈಲ್ ಬೇಡ. ಸಾಗರಕ್ಕಾದ್ರೆ 14.2 ಮತ್ತೆ 75 ಅಂತ ಒತ್ತಿದ್ರೆ ಮುಗೀತು. ಒಳಗೆ ಬ್ಯಾಕಪ್ ಇರೋದ್ರಿಂದ ಕರೆಂಟ್ ಹೋದ್ರೂ ಟೈಮ್ ತಪ್ಪಲ್ಲ. ತೋಟದ ಮನೆಗೆ, ನೆಟ್‌ವರ್ಕ್ ಸಿಗದ ಮನೆಗೆ ನನ್ನ ಕೇಳಿದ್ರೆ ಇದೇ ವಾಸಿ. ಮತ್ತೆ ಈ ಹಳೇ ಡಯಲ್ ಟೈಮರ್ ಇದ್ಯಲ್ಲ, ಸುತ್ತ ಹಲ್ಲಿನ ಹಂಗೆ ಪುಟ್ಟಪುಟ್ಟ ಪಿನ್ನು ಇರೋದು, ಒಂದು ಪಿನ್ನಿಗೆ 15 ನಿಮಿಷದ ಲೆಕ್ಕದಲ್ಲಿ 96 ಪಿನ್ನು, ಬ್ಯಾಟರಿ ಇಲ್ಲದ್ದನ್ನ ಮಲೆನಾಡಿಗೆ ದಯವಿಟ್ಟು ತರ್ಬೇಡಿ. ಕರೆಂಟ್ ಹೋದ್ರೆ ಡಯಲ್ಲು ನಿಂತಲ್ಲೇ ನಿಲ್ಲತ್ತೆ, ಆರು ಗಂಟೆ ಕರೆಂಟ್ ಇಲ್ಲ ಅಂದ್ರೆ ಆಮೇಲಿಂದ ಆರು ಗಂಟೆ ಹಿಂದೆನೇ ಓಡತ್ತೆ, ಸಂಜೆ ಹತ್ತಬೇಕಾದ್ದು ನಡುರಾತ್ರಿಗೆ ಹತ್ಕೊಳತ್ತೆ. ಲಿಂಗನಮಕ್ಕಿ ನೀರಿಂದ ಇಡೀ ರಾಜ್ಯಕ್ಕೆ ಕರೆಂಟ್ ಹೋಗೋ ತಾಲೂಕು ನಮ್ಮದು, ಆದ್ರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದ್ರೆ ಎರಡು ದಿನ ಮೂರು ದಿನ ಕತ್ಲು ಅನ್ನೋದು ಇಲ್ಲಿ ಎಲ್ರಿಗೂ ಗೊತ್ತು.

ಹಂಗಂತ ಸೂರ್ಯಾಸ್ತಕ್ಕೆ ಕಟ್ಟಿದ್ರೆ ಎಲ್ಲ ಸರಿ ಅಂತನೂ ಅಲ್ಲ. ಬಯಲಲ್ಲಿ ಹೊತ್ತು ಮುಳುಗಿದ ಮೇಲೂ ಇಪ್ಪತ್ತು ನಿಮಿಷ ಚೆನ್ನಾಗೇ ಕಣ್ಣು ಕಾಣತ್ತೆ, ದಾವಣಗೆರೆ ಕಡೆ ಕೆಲಸ ಮಾಡಿದಾಗ ನಾನೇ ನೋಡಿದೀನಿ. ಅದೇ ನಮ್ಮಲ್ಲಿ ಅಡಿಕೆ ತೋಟದ ಮಧ್ಯ ಮನೆ, ಪಶ್ಚಿಮಕ್ಕೆ ಗುಡ್ಡ, ಹಿಂದೆ ಬ್ಯಾಣ (ದನ ಮೇಯೋ ಹುಲ್ಲುಗಾವಲು), ಸೂರ್ಯ ಲೆಕ್ಕದ ಪ್ರಕಾರ ಇನ್ನೂ ಮೇಲೆ ಇರೋವಾಗ್ಲೇ ಅಂಗಳ ಕಪ್ಪಾಗಿರತ್ತೆ. ಇದಕ್ಕೆ ಆಫ್‌ಸೆಟ್ ಅಂತ ಒಂದು ಸೆಟ್ಟಿಂಗ್ ಇರತ್ತೆ, ಸೂರ್ಯಾಸ್ತಕ್ಕೆ ಇಷ್ಟು ನಿಮಿಷ ಮುಂಚೆ ಅಥವಾ ಆಮೇಲೆ ಅಂತ ಕೊಡೋಕೆ, ಆ್ಯಪಲ್ಲೂ ಇರತ್ತೆ ಆಸ್ಟ್ರೋ ಟೈಮರಲ್ಲೂ ಇರತ್ತೆ. ನಾನು ಹೇಳೋದು ಇಷ್ಟೇ, ಮನೆಗೆ ಹಾಕೋರು ಒಂದು ಸಂಜೆ ಅಲ್ಲೇ ಕೂತು ಮೆಟ್ಲು ಕಾಣೋದು ಯಾವಾಗ ನಿಲ್ಲತ್ತೆ ಅಂತ ಕಣ್ಣಾರೆ ನೋಡಿ ಆಮೇಲೆ ಆ ನಿಮಿಷ ಕೊಡ್ಬೇಕು. ಆ ಅಮ್ಮನ ಮನೆಗೆ ನಾನು 25 ನಿಮಿಷ ಮುಂಚೆ ಅಂತ ಕೊಟ್ಟಿದೀನಿ.

ಮಳೆಗಾಲದ್ದು ಇನ್ನೊಂದು ತರ. ಜೂನ್ ಜುಲೈನಲ್ಲಿ ಮೋಡ ಕವಿದ್ರೆ ಸಂಜೆ ಐದಕ್ಕೇ ಲೈಟ್ ಬೇಕು, ಲೆಕ್ಕದ ಟೈಮರಿಗೆ ಮೋಡ ಗೊತ್ತಾಗಲ್ಲ. ಅಂಥ ಕಡೆ ಬೆಳಕು ನೋಡಿ ಹತ್ಕೊಳ್ಳೋ ಡೇ ನೈಟ್ ಸೆನ್ಸರ್ ಒಳ್ಳೇದು, ಆದ್ರೆ ಅದ್ನ ಎಲ್ಲಿ ಕೂರಿಸ್ತೀರಿ ಅನ್ನೋದು ಮುಖ್ಯ. ಒಂದು ಕಡೆ ಬಲ್ಬಿನ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ ಕೂರಿಸಿದ್ರು. ಕತ್ಲಾದ ತಕ್ಷಣ ಬಲ್ಬು ಹತ್ಕೊಂಡ್ತು, ಆ ಬೆಳಕು ಸೆನ್ಸರ್ ಕಣ್ಣಿಗೆ ಬಿತ್ತು, ಹಗಲಾಯ್ತು ಅಂತ ಅದು ಆರಿಸ್ತು, ಮತ್ತೆ ಕತ್ಲು, ಮತ್ತೆ ಹತ್ಕೊಂಡ್ತು, ರಾತ್ರಿಯಿಡೀ ಹಿಂಗೇ. ಒಂದೇ ತಿಂಗಳಲ್ಲಿ ಎಲ್ಇಡಿ ಸತ್ತೋಯ್ತು. ಸೆನ್ಸರನ್ನ ಬಲ್ಬಿನ ಬೆಳಕು ಬೀಳದ ಜಾಗದಲ್ಲಿ, ಆಕಾಶ ಕಾಣೋ ಹಂಗೆ, ಮಳೆನೀರು ನಿಲ್ಲದ ಹಂಗೆ ಹಾಕಿ, ತಿಂಗಳಿಗೊಮ್ಮೆ ಬಟ್ಟೆಲಿ ಒರೆಸಿ, ಇಲ್ಲಾಂದ್ರೆ ಜೇಡರ ಬಲೆ ಕಟ್ಟಿ ಅದಕ್ಕೆ ಕಣ್ಣೇ ಕಾಣದೆ ಹಗಲೂ ಉರಿಸತ್ತೆ.

ಸ್ವಿಚ್ಚಿನ ಟೇಪ್ ವಿಷ್ಯ ಮರೆಯೋಕಾಗ್ತಿಲ್ಲ ನಂಗೆ. ಅರವತ್ತು ವರ್ಷ ಅದೇ ಗೋಡೆ ತಡವಿ ಲೈಟ್ ಹಾಕಿದ ಕೈಗೆ ಈಗ ಮುಟ್ಬೇಡ ಅಂದ್ರೆ ಹೆಂಗೆ ಹೇಳಿ. ಅದಕ್ಕೆ ದಾರಿ ಇದೆ, ಬಲ್ಬು ಮಾಮೂಲಿದೇ ಇರ್ಲಿ, ಸ್ವಿಚ್ ಬೋರ್ಡ್ ಹಿಂದೆ ಸಣ್ಣ ಸ್ಮಾರ್ಟ್ ರಿಲೇ, ಅಂದ್ರೆ ತಾನಾಗೇ ಆನ್ ಆಫ್ ಮಾಡೋ ಪುಟ್ಟ ಡಬ್ಬಿ, ಹಾಕಿದ್ರೆ ತಾನಾಗೂ ಹತ್ತತ್ತೆ, ಅಮ್ಮ ಒತ್ತಿದ್ರೂ ಹತ್ತತ್ತೆ, ವೈಫೈ ಹೋದ್ರೂ ಸ್ವಿಚ್ಚು ಕೆಲಸ ಮಾಡತ್ತೆ. ಒಂದು ತೊಡಕಿದೆ, ಸಾಮಾನ್ಯವಾಗಿ ಆ ರಿಲೇಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಬೇಕು, ಹಳೇ ಮನೆಗಳ ಬೋರ್ಡಲ್ಲಿ ಫೇಸು (ಕರೆಂಟ್ ಬರೋ ವೈರು) ಮತ್ತೆ ಬಲ್ಬಿಗೆ ಹೋಗೋ ವೈರು ಮಾತ್ರ ಇರತ್ತೆ, ನ್ಯೂಟ್ರಲ್ ಸೀದಾ ಮೇಲಿಂದ ಹೋಲ್ಡರಿಗೆ ಹೋಗಿರತ್ತೆ. ಒಂದು ನ್ಯೂಟ್ರಲ್ ಎಳೆದು ತರ್ಬೇಕಾಗತ್ತೆ, ಒಂದು ದಿನದ ಕೆಲಸ. ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿ ಕೊಟ್ಟು ಹೋಗೋರು ಇದಾರೆ, ಅದು ಜೀವಕ್ಕೆ ಅಪಾಯ, ಯಾರೇ ಹಂಗೆ ಮಾಡೋಕೆ ಬಂದ್ರೂ ಕೆಲಸ ನಿಲ್ಸಿ ಕಳಿಸಿ. ಸ್ಮಾರ್ಟ್ ಬಲ್ಬೇ ಹಾಕಿದ್ದೀರಿ ಅಂದ್ರೆ, ಅದು ಆರಿ ಕೂತಾಗ ಗೋಡೆ ಸ್ವಿಚ್ಚು ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸಾಮಾನ್ಯವಾಗಿ ಹತ್ಕೊಳತ್ತೆ, ಈ ಒಂದು ಮಾತನ್ನ ಅಮ್ಮನಿಗೆ ಹೇಳಿಕೊಟ್ಟಿದ್ರೆ ಅವತ್ತು ಆ ಕೈ ಮುರೀತಿರಲಿಲ್ಲ. ಅದೇ ಕಾರಣಕ್ಕೆ ರಾತ್ರಿ ಎರಡಕ್ಕೆ ಕರೆಂಟ್ ಬಂದ್ರೂ ಮಲಗೋ ಕೋಣೆ ಬಲ್ಬು ಪೂರ್ತಿ ಬೆಳಕಲ್ಲಿ ಹತ್ಕೊಂಡು ಮಲಗಿದೋರು ಹೆದರಿ ಏಳ್ತಾರೆ, ಕರೆಂಟ್ ಬಂದ್ಮೇಲೆ ಹಿಂದೆ ಹೆಂಗಿತ್ತೋ ಹಂಗೇ ಇರ್ಲಿ ಅನ್ನೋ ಸೆಟ್ಟಿಂಗ್ ಇದ್ರೆ ಅದ್ನ ಹಾಕಿ ಕೊಡಿ.

ಕರೆಂಟ್ ಉಳಿಯತ್ತೆ ಅಂತ ಅಂಗಡಿಲಿ ಹೇಳಿ ಮಾರ್ತಾರೆ. ಒಂದು ಮನೆ ಲೆಕ್ಕಕ್ಕೆ ಅದು ದೊಡ್ಡ ಮಾತಲ್ಲ. 9 ವ್ಯಾಟಿನ ಎಲ್ಇಡಿ ದಿನಕ್ಕೆ ಹನ್ನೆರಡು ಗಂಟೆ ಉರಿದ್ರೂ ತಿಂಗಳಿಗೆ ಮೂರು ಯೂನಿಟ್ ಮೇಲೆ ಚೂರು ಬರತ್ತೆ ಅಷ್ಟೇ. ದುಡ್ಡಿಗೋಸ್ಕರ ಇದ್ನ ಹಾಕ್ಸಬೇಡಿ, ಕಾಲಿಗೋಸ್ಕರ ಹಾಕ್ಸಿ ಅಂತ ನಾನು ಹೇಳ್ತೀನಿ.

ಹಂಗೇ ಕತ್ಲಾದಾಗಿಂದ ಬೆಳಕು ಹರಿಯೋವರೆಗೂ ಅಂಗಳದ ಲೈಟು ಉರೀಲೇಬೇಕು ಅಂತ ಇಲ್ಲ. ರಾತ್ರಿಯಿಡೀ ಬಾಗಿಲ ಮುಂದೆ ಲೈಟ್ ಇದ್ರೆ ಹುಳ ಬರತ್ತೆ, ಹುಳ ತಿನ್ನೋಕೆ ಕಪ್ಪೆ ಬರತ್ತೆ, ಕಪ್ಪೆ ಹಿಂದೆ ಹಾವು ಬರತ್ತೆ, ಹಳ್ಳಿಲಿ ಇರೋರಿಗೆ ನಾನು ಹೇಳ್ಬೇಕಾಗಿಲ್ಲ. ಮಳೆ ಶುರುವಾಗೋ ಮುಂಚೆ ಮೇ ಕೊನೆ, ಜೂನ್ ಮೊದಲಲ್ಲಿ ನಮ್ಮ ಹಳ್ಳದ ದಂಡೆ ಮರಗಳಲ್ಲಿ ಮಿಂಚುಹುಳ ಸಾವಿರ ಲೆಕ್ಕದಲ್ಲಿ ಬರ್ತಿತ್ತು, ಅವು ಒಂದಕ್ಕೊಂದು ಬೆಳಕಲ್ಲೇ ಕರೆಯೋದು, ನಮ್ಮ ಲೈಟಿನ ಪ್ರಕಾಶದಲ್ಲಿ ಅವಕ್ಕೆ ಜೋಡಿ ಸಿಗಲ್ಲ. ನಮ್ಮನೇಲಿ ನಾನು ಮಾಡಿರೋದು ಹೇಳ್ತೀನಿ, ಸಂಜೆ ಹೊತ್ತು ಮುಳುಗೋ ಮುಂಚೆ ಹತ್ತಿ ರಾತ್ರಿ ಹತ್ತಕ್ಕೆ ಆರತ್ತೆ, ಮತ್ತೆ ಬೆಳಗಿನ ಜಾವ ಐದಕ್ಕೆ, ನಮ್ಮಮ್ಮ ಹಾಲು ಕರೆಯೋಕೆ ಏಳೋ ಹೊತ್ತಿಗೆ ಹತ್ತಿ ಹೊತ್ತು ಹುಟ್ಟಿದಾಗ ಆರತ್ತೆ. ನಡುವೆ ಯಾರಾದ್ರೂ ಎದ್ರೆ ಬಚ್ಚಲು ದಾರಿಲಿ ಯಾರಾದ್ರೂ ಓಡಾಡಿದ್ರೆ ಹತ್ಕೊಳ್ಳೋ ಮೋಷನ್ ಸೆನ್ಸರ್ ಲೈಟ್ ಇದೆ. ಬಿಳಿ ಬೆಳಕು ಬೇಡ, ಹಳದಿ ಬೆಳಕಿನ ಬಲ್ಬೇ ಸಾಕು, ಹುಳ ಕಮ್ಮಿ, ವಯಸ್ಸಾದ ಕಣ್ಣಿಗೂ ಹಿತ.

ಇನ್ನು ಕೇಳ್ಕೊಳ್ಳೋದು. ಹೊರಗಿರೋ ಮಕ್ಳೇ, ಇವತ್ತು ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳೋದ್ರ ಜೊತೆ ಅಂಗಳದ ಲೈಟು ಎಷ್ಟೊತ್ತಿಗೆ ಹತ್ತತ್ತೆ ಅಂತಲೂ ಕೇಳಿ, ಮೊಬೈಲಲ್ಲಿ ಮನೆ ಜಾಗ ಯಾವ ಊರು ಅಂತ ಇದೆ ತೆಗೆದು ನೋಡಿ. ಅಮ್ಮ ಅಪ್ಪ ತಾವಾಗೇ ಹೇಳಲ್ಲ, ಮಗ ಅಷ್ಟು ದುಡ್ಡು ಹಾಕಿ ಮಾಡ್ಸಿದಾನೆ ಅಂತ ಸುಮ್ನಿರ್ತಾರೆ. ಮಾರೋ ಅಂಗಡಿಯವ್ರು ಡಬ್ಬಿ ಕೊಟ್ಟು ಕಳಿಸ್ಬೇಡಿ, ಯಾವೂರಿಗೆ, ಮನೆ ಸುತ್ತ ತೋಟ ಇದ್ಯಾ, ಯಾರಿರ್ತಾರೆ ಅಂತ ಎರಡು ಮಾತು ಕೇಳಿ ಕೊಡಿ. ಆ್ಯಪ್ ಮಾಡೋ ಕಂಪನಿಗಳು ಕನ್ನಡದಲ್ಲಿ ಕೊಡ್ಲಿ, ಸನ್‌ಸೆಟ್, ಆಫ್‌ಸೆಟ್ ಅಂತ ಇಂಗ್ಲಿಷಲ್ಲಿ ಬರೆದ್ರೆ ನಮ್ಮಮ್ಮಂದಿರು ಹೆಂಗೆ ಓದೋದು, ಹೊತ್ತು ಮುಳುಗೋಕೆ ಎಷ್ಟು ನಿಮಿಷ ಮುಂಚೆ ಅಂತ ಬರೆದ್ರೆ ಅವರೇ ಸರಿ ಮಾಡ್ಕೊಳ್ತಾರೆ.

ನಿಮ್ಮ ಪತ್ರಿಕೆಗೂ ಒಂದು ಮನವಿ ಇದೆ. ಪಂಚಾಂಗದ ಜಾಗದಲ್ಲಿ ದಿನಾ ಸೂರ್ಯೋದಯ ಸೂರ್ಯಾಸ್ತ ಹಾಕ್ತೀರಿ, ಅದು ಬೆಂಗ್ಳೂರಿಂದು. ನಮ್ಮ ಆವೃತ್ತಿಲಿ ಶಿವಮೊಗ್ಗದ್ದು, ಕಾರವಾರದ ಆವೃತ್ತಿಲಿ ಕಾರವಾರದ್ದು, ಕಲಬುರಗಿಲಿ ಕಲಬುರಗಿದು ಅಂತ ಹಾಕಿ. ಎಷ್ಟೋ ಮನೇಲಿ ಈಗಲೂ ಬೆಳಿಗ್ಗೆ ಕನ್ನಡಕ ಹಾಕ್ಕೊಂಡು ಆ ಎರಡು ಸಾಲು ಓದೋರು ಇದಾರೆ, ಸಂಜೆ ಲೈಟು ಅದಕ್ಕಿಂತ ತಡವಾಗಿ ಹತ್ತಿದ್ರೆ ಅವರೇ ನನ್ನಂಥೋರಿಗೆ ಫೋನ್ ಮಾಡ್ತಾರೆ. ಇನ್ಮೇಲೆ ಎರಡು ದಿನ ಕಾಯ್ಸೋದಿಲ್ಲ, ಅವತ್ತೇ ಹೋಗ್ತೀನಿ.

ಇಂತಿ,
ಒಬ್ಬ ವೈರಿಂಗ್ ಕೆಲಸದವ, ಸಾಗರ ತಾಲೂಕು